ಪರೀಕ್ಷೆಯ ಅಂಕ ಬಿಡಿ, ರೋಗಿಯ ಕಡತ ನೋಡಿ: ಅಮೆರಿಕದ ಮಿಶಿಗನ್ ರಾಜ್ಯದ ಗವರ್ನರ್‌ಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಗ್ರೆಚನ್ ವಿಟ್ಮರ್ ಅವರಿಗೆ,

2022ರ ಜೂನ್ 1ರಿಂದ ಮಿಶಿಗನ್‌ನಲ್ಲಿ ವೈದ್ಯರು, ನರ್ಸ್‌ಗಳು ಲೈಸೆನ್ಸ್ ಪಡೆಯಬೇಕಾದರೆ ಅರಿವಿಗೆ ಬಾರದ ಪೂರ್ವಗ್ರಹದ ತರಬೇತಿ ಕಡ್ಡಾಯ. ಇಲ್ಲಿ ದುಡಿಯುವ ಕನ್ನಡಿಗರಿಗೂ ಅದೇ ನಿಯಮ. ತರಬೇತಿಗೆ ನಮ್ಮ ತಕರಾರಿಲ್ಲ. ಅದಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪೂರ್ವಗ್ರಹ ಅಳೆಯಬೇಕೆಂದು ಬರೆದಿದ್ದೀರಲ್ಲ, ಆ ಕಲಮನ್ನು ತೆಗೆಯಿರಿ.

ಅಳತೆ ಎಂದೊಡನೆ ಎಲ್ಲರ ಕೈ ಹೋಗುವುದು 1998ರಲ್ಲಿ ಮನೋವಿಜ್ಞಾನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಐಎಟಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್) ಎಂಬ ಕಂಪ್ಯೂಟರ್ ಪರೀಕ್ಷೆಗೆ. ಪರದೆಯ ನಡುವೆ ಒಂದು ಮುಖವೋ ಪದವೋ ಮೂಡುತ್ತದೆ. ಎಡದ ಗುಂಪಿನದಾದರೆ ‘ಇ’ ಕೀಲಿ, ಬಲದ್ದಾದರೆ ‘ಐ’. ಒಂದು ಸುತ್ತಿನಲ್ಲಿ ಬಿಳಿಯರ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಕೀಲಿ, ಇನ್ನೊಂದರಲ್ಲಿ ಕಪ್ಪುವರ್ಣೀಯರ ಮುಖಕ್ಕೂ ಒಳ್ಳೆಯ ಪದಕ್ಕೂ. ಎರಡು ಸುತ್ತುಗಳಲ್ಲಿ ಕೀಲಿ ಒತ್ತಲು ಹಿಡಿದ ಸರಾಸರಿ ಸಮಯದ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ (ಆ ಸಮಯಗಳು ಎಷ್ಟು ಏರಿಳಿಯುತ್ತವೆ ಎಂಬುದರ ಅಳತೆ) ಭಾಗಿಸಿದರೆ ಬರುವುದೇ ಅಂಕ. 0.15 ದಾಟಿದರೆ ಒಲವು ‘ಅಲ್ಪ’, 0.35 ದಾಟಿದರೆ ‘ಮಧ್ಯಮ’, 0.65 ದಾಟಿದರೆ ‘ತೀವ್ರ’.

ಆ ಅಂತರದಲ್ಲಿ ಮನೋಭಾವದ ಜೊತೆ ಇನ್ನೂ ಏನೇನೋ ಬೆರೆತಿರುತ್ತದೆ. ಮೊದಲ ಜೋಡಿಗೆ ಪಳಗಿದ ಬೆರಳು ಜೋಡಿ ಬದಲಾದಾಗ ತಡವರಿಸುತ್ತದೆ. ಅದಕ್ಕೇ ಕೀಲಿ ಅದಲುಬದಲಾಗುವ ಐದನೆಯ ಸುತ್ತನ್ನು 20 ಬಾರಿಯಿಂದ 40ಕ್ಕೆ ಏರಿಸಬೇಕಾಯಿತು. ಅದೇ ವ್ಯಕ್ತಿ ಮತ್ತೆ ಕೂತರೆ ಎರಡು ಅಂಕಗಳ ನಡುವಿನ ಸಹಸಂಬಂಧ (ಪೂರ್ತಿ ತಾಳೆಯಾದರೆ 1) ಸುಮಾರು 0.5 ಮಾತ್ರ. ಬೆಳಿಗ್ಗೆ ‘ಮಧ್ಯಮ’ ಎನಿಸಿಕೊಂಡವರು ಸಂಜೆ ‘ಅಲ್ಪ’ಕ್ಕೆ ಇಳಿಯಲು ಮನಸ್ಸು ಬದಲಾಗಬೇಕಿಲ್ಲ. ಇಂಥ ಥರ್ಮಾಮೀಟರನ್ನು ಯಾವ ವಾರ್ಡಿನಲ್ಲಿ ಇಟ್ಟುಕೊಳ್ಳುತ್ತೀರಿ?

ಎರಡನೇ ಸಲ ಅಂಕ ಬರೀ ಅಭ್ಯಾಸದಿಂದಲೇ ಕುಗ್ಗುವುದುಂಟು. ಮುಂಚೆ–ನಂತರದ ಪರೀಕ್ಷೆಯಲ್ಲಿ ಆ ಇಳಿಕೆಯೇ ತರಬೇತಿಯ ಫಲವಾಗಿ ದಾಖಲಾಗುತ್ತದೆ. ಸುಮಾರು 500 ಅಧ್ಯಯನಗಳನ್ನು ಒಟ್ಟು ಸೇರಿಸಿದ 2019ರ ವಿಶ್ಲೇಷಣೆಯಲ್ಲಿ ಅಂಕ ಬದಲಾದುದರಿಂದ ನಡವಳಿಕೆ ಬದಲಾದದ್ದು ಕಾಣಲಿಲ್ಲ. ಪರೀಕ್ಷೆ ನಡೆಸುವ ಪ್ರಾಜೆಕ್ಟ್ ಇಂಪ್ಲಿಸಿಟ್ ಸಂಸ್ಥೆಯೇ ಒಬ್ಬೊಬ್ಬರ ಬಗ್ಗೆ ತೀರ್ಮಾನಿಸಲು ಇದನ್ನು ಬಳಸಬೇಡಿ ಎನ್ನುತ್ತದೆ. ಆದ್ದರಿಂದಲೇ ಮತ್ತೆ ಕೇಳುತ್ತಿದ್ದೇವೆ, ತೆಗೆಯಿರಿ.

ತಾರತಮ್ಯವೇ ಇಲ್ಲ ಎಂದು ಯಾರೂ ಇದನ್ನು ಓದಿಕೊಳ್ಳಬಾರದು. ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕಪ್ಪುವರ್ಣೀಯ ರೋಗಿಗಳ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೇ ಹೋಯಿತೆಂದು 2020ರಲ್ಲಿ ತೋರಿಸಿದವರು ನಿಮ್ಮದೇ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು. ಅವರು ಯಾರ ಮನಸ್ಸನ್ನೂ ಅಳೆಯಲಿಲ್ಲ. ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿಯನ್ನು ರಕ್ತಪರೀಕ್ಷೆಯ ಅಂಕಿಯ ಪಕ್ಕ ಇಟ್ಟು ನೋಡಿದರು. ಮೂಳೆ ಮುರಿದು ತುರ್ತು ಘಟಕಕ್ಕೆ ಬಂದವರಿಗೆ ನೋವಿನ ಮದ್ದು ಎಷ್ಟು ನಿಮಿಷಕ್ಕೆ ಸಿಕ್ಕಿತು, ಎಷ್ಟು ಮಿಲಿಗ್ರಾಂ ಸಿಕ್ಕಿತು ಎನ್ನುವುದೂ ಕಡತದಲ್ಲಿರುತ್ತದೆ. ಜನಾಂಗವಾರು ಆ ಲೆಕ್ಕವನ್ನು ಆಸ್ಪತ್ರೆಗಳಿಂದ ಮೂರು ತಿಂಗಳಿಗೊಮ್ಮೆ ಪಡೆದು ಪ್ರಕಟಿಸಿ. ಮುಂಚೆ–ನಂತರದ ಪರೀಕ್ಷೆಯ ಕಲಮನ್ನು ತೆಗೆಯಿರಿ.

ಇತಿ,
ಮನೋಮಾಪನ ಬಲ್ಲ ಕೆಲವು ಕನ್ನಡಿಗರು