ವಾರಿಸ್ ಹುಸೇನರ ಬಗ್ಗೆ ಬರೆಯುತ್ತಿರುವ ಕಿರಿಯ ಮಿತ್ರರಿಗೆ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ಲೇಖನದ ಕರಡನ್ನು ಗಮನವಿಟ್ಟು ಓದಿದೆ. 1938ರಲ್ಲಿ ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋಗಿ, ಇಪ್ಪತ್ತರ ಹರೆಯದಲ್ಲಿ ಬಿಬಿಸಿಯ ನಾಟಕ ನಿರ್ದೇಶಕರಾದ ವಾರಿಸ್ ಹುಸೇನರನ್ನು ನೀವು ಆರಿಸಿಕೊಂಡದ್ದು ನನಗೆ ನಿಜಕ್ಕೂ ಸಂತೋಷ ತಂದಿತು. ಆದರೆ ಕರಡಿನ ಮುಕ್ಕಾಲು ಪಾಲನ್ನು ‘ಹೊರದೇಶದಲ್ಲಿ ಗೆದ್ದ ಭಾರತೀಯ’ ಎಂಬ ಹೆಮ್ಮೆಯೇ ನುಂಗಿಬಿಟ್ಟಿದೆ. ನಿರ್ದೇಶಕನ ಬದುಕನ್ನು ಬರೆಯುವವರು ಅವನ ಕೆಲಸ ನಡೆದ ಜಾಗಕ್ಕೆ ಓದುಗರನ್ನು ಕರೆದೊಯ್ಯಬೇಕು.

ವಾರಿಸರು ಮೊದಲ ಕಂತುಗಳನ್ನು ನಿರ್ದೇಶಿಸಿದ, 1963ರ ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ‘ಡಾಕ್ಟರ್ ಹೂ’ಗೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ, ಅದು ಸಾಲದು. ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋ ಹಳೆಯದು, ಇಕ್ಕಟ್ಟಾದದ್ದು, ದೀಪಗಳ ಸೆಕೆಯಲ್ಲಿ ಬೇಯುತ್ತಿದ್ದದ್ದು. ಆಗ ವಿಡಿಯೋ ಟೇಪನ್ನು ಕತ್ತರಿಸಿ ಸಂಕಲಿಸುವುದು ದುಬಾರಿಯ ಕೆಲಸವಾಗಿದ್ದರಿಂದ, ದಿನಗಟ್ಟಲೆ ತಾಲೀಮು ಮಾಡಿಸಿ, ಒಂದು ಸಂಜೆ ಇಡೀ ಕಂತನ್ನು ಆದಷ್ಟು ನಿಲ್ಲಿಸದೆ ಮುದ್ರಿಸುತ್ತಿದ್ದರು. ಯಾವ ಕ್ಯಾಮೆರಾ ಯಾವ ಮಾತಿಗೆ ಎಲ್ಲಿಗೆ ಸರಿಯಬೇಕು ಎಂಬುದನ್ನು ನಿರ್ದೇಶಕ ಮೊದಲೇ ನಿಶ್ಚಯಿಸಿಕೊಂಡಿರಬೇಕಿತ್ತು. ಮೊದಲ ಕಂತಿನ ಪ್ರಾಯೋಗಿಕ ಮುದ್ರಣವನ್ನು ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಒಪ್ಪಲಿಲ್ಲ, ಹೊಸದಾಗಿ ಮಾಡಿಸಿದರು. ಎರಡೂ ಉಳಿದಿವೆ. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿ: ಮೊದಲನೆಯದರಲ್ಲಿ ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಅವರ ಡಾಕ್ಟರ್ ಎಷ್ಟು ಕಟುವಾಗಿದ್ದಾನೆ, ಎರಡನೆಯದರಲ್ಲಿ ಆ ಕಟುತನ ಎಷ್ಟು ಇಳಿದಿದೆ! ಇಪ್ಪತ್ತನಾಲ್ಕರ ನಿರ್ದೇಶಕನೊಬ್ಬ ಮೇಲಿನವರ ಮಾತನ್ನು ಕೇಳಿಯೂ ದೃಶ್ಯದ ಮೇಲಿನ ತನ್ನ ಹಿಡಿತವನ್ನು ಹೇಗೆ ಉಳಿಸಿಕೊಂಡ ಎಂಬುದು ಅಲ್ಲಿ ನಿಮಗೆ ಸಿಗಬಹುದು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೂ ಆಗ ಮೂವತ್ತು ತುಂಬಿರಲಿಲ್ಲ. ಅವರ ಹೆಸರನ್ನು ಬಿಟ್ಟದ್ದು ಅನ್ಯಾಯ.

ಅದೇ ಧಾರಾವಾಹಿಯಲ್ಲಿ ಮರುವರ್ಷ ಬಂದ ‘ಮಾರ್ಕೋ ಪೋಲೋ’ ಕಥೆಯನ್ನು ನೀವು ‘ದೃಶ್ಯವೈಭವ’ ಎಂದು ಹೊಗಳಿದ್ದೀರಿ. ಅದರ ಚಿತ್ರಭಾಗ ಇಂದು ಉಳಿದಿಲ್ಲ. ಧ್ವನಿಯೂ ಕೆಲವು ಸ್ಥಿರಚಿತ್ರಗಳೂ ಮಾತ್ರ ಇವೆ. ಕಾಣದ್ದನ್ನು ಕಂಡಂತೆ ಹೊಗಳಬೇಡಿ. ಆ ಕಾಲದ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು ಎಂಬ ಸಂಗತಿಯನ್ನೇ ಬರೆಯಿರಿ, ಏಕೆಂದರೆ ಟೆಲಿವಿಷನ್ ನಿರ್ದೇಶಕನ ದುಡಿಮೆ ಹೀಗೂ ಕಣ್ಮರೆಯಾಗುತ್ತದೆ ಎಂಬುದನ್ನು ನಮ್ಮ ಓದುಗರು ತಿಳಿಯಬೇಕು.

1965ರಲ್ಲಿ ಅವರು ಬಿಬಿಸಿಗಾಗಿ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (ಇ.ಎಂ. ಫಾರ್ಸ್ಟರ್ ಅವರ ಕಾದಂಬರಿ) ನಾಟಕಕ್ಕೆ ಆಧಾರವಾದ ರಂಗರೂಪ ಲೇಖಕಿ ಸಾಂತಾ ರಾಮರಾವ್ ಅವರದು, ಅಂದರೆ ಮಂಗಳೂರು ಮೂಲದ ಬೆನಗಲ್ ರಾಮರಾಯರ ಮಗಳದು. ಇದು ನಿಮ್ಮ ಕರಡಿನಲ್ಲಿ ಇಲ್ಲದಿರುವುದು ಆಶ್ಚರ್ಯ. ವಾರಿಸರ ತಾಯಿ ಅತಿಯಾ ಹುಸೇನ್ ದೊಡ್ಡ ಲೇಖಕಿ ಎಂಬುದನ್ನು ಹೇಳಿದ್ದೀರಿ. ಸರಿ, ಆದರೆ ವಂಶಾವಳಿ ಅಷ್ಟಕ್ಕೇ ಸಾಕು.

ಅವರ 1978ರ ಟೆಲಿವಿಷನ್ ಸರಣಿ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ ಪಡೆದ ಬಾಫ್ಟಾ (ಬ್ರಿಟನ್ನಿನ ಚಲನಚಿತ್ರ-ಟೆಲಿವಿಷನ್ ಅಕಾಡೆಮಿಯ) ಪ್ರಶಸ್ತಿಯನ್ನು ಲೇಖನದ ಶಿಖರದಂತೆ ಇಟ್ಟಿದ್ದೀರಿ. ಅದಕ್ಕಿಂತ 1971ರ ‘ಮೆಲೊಡಿ’ ಚಿತ್ರದ ಕಡೆ ನನ್ನ ಒಲವು. ಬ್ರಿಟನ್ನಿನಲ್ಲಿ ಸೋತ ಆ ಮಕ್ಕಳ ಪ್ರೇಮಕಥೆಯನ್ನು ಜಪಾನಿನ ಪ್ರೇಕ್ಷಕರು ಮನೆಮಾತಾಗಿಸಿಕೊಂಡರು. ನೀವು ಅದನ್ನು ‘ವಿಫಲ ಪ್ರಯತ್ನ’ ಎಂದು ಬದಿಗಿಟ್ಟಿರುವುದನ್ನು ನಾನು ಒಪ್ಪಲಾರೆ. ಆ ಸಾಲನ್ನು ತೆಗೆಯಿರಿ. ಚಿತ್ರವನ್ನು ಮತ್ತೊಮ್ಮೆ ನೋಡಿ, ಮಕ್ಕಳಿಂದ ಅಷ್ಟು ಸಹಜವಾದ ಅಭಿನಯವನ್ನು ಅವರು ಹೇಗೆ ಪಡೆದರು ಎಂಬುದಕ್ಕೆ ಒಂದು ಪುಟ ಕೊಟ್ಟು, ಕರಡನ್ನು ನನಗೆ ಮರಳಿ ಕಳುಹಿಸಿ.

ಇಂತಿ,
ನಿಮ್ಮ ಹಿತೈಷಿ