ಹಿತ್ತಲಿಲ್ಲದ ಮನೆ

ಫಿಲಡೆಲ್ಫಿಯಾ
15 ಡಿಸೆಂಬರ್ 2024

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಇಲ್ಲಿ ಆರಾಮಾಗಿದ್ದೇನೆ. ನಿನ್ನ ಮಂಡಿ ನೋವು ಹೇಗಿದೆ? ಕೊನೆಕೊಯ್ಲು ಶುರುವಾಯಿತಾ? ಅಪ್ಪನಿಗೆ ಈ ಚಳಿಯಲ್ಲಿ ಬೆಳಿಗ್ಗೆ ಬೇಗ ತೋಟಕ್ಕೆ ಇಳಿಯಬೇಡಿ ಅಂತ ಹೇಳು. ನಾನು ಹೇಳಿದೆ ಅಂತಲೇ ಹೇಳು.

ಮೊನ್ನೆ ಫೋನಿನಲ್ಲಿ "ಸಿಸ್ಟರ್ ಮೇರಿ ಕೆಲಸ ಬಿಡುತ್ತಿದ್ದಾರೆ" ಅಂದಾಗ ನೀನು "ಯಾವ ಆಸ್ಪತ್ರೆಯ ನರ್ಸು?" ಅಂತ ಕೇಳಿದೆ. ಅಷ್ಟರಲ್ಲಿ ಲೈನ್ ಹೋಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು. ಕೊನೆಯಲ್ಲಿ ನಿಮ್ಮಿಬ್ಬರನ್ನೂ ಒಂದು ಮಾತು ಕೇಳುವುದಿದೆ.

ಅವರು ನರ್ಸ್ ಅಲ್ಲ, ಕ್ರೈಸ್ತ ಸನ್ಯಾಸಿನಿ. ಪೂರ್ತಿ ಹೆಸರು ಮೇರಿ ಸ್ಕಲಿಯನ್. ಈ ಊರಿನವರೇ. ಅಪ್ಪ ಅಮ್ಮ ಐರ್ಲೆಂಡಿನಿಂದ ಬಂದು ಇಲ್ಲಿ ನೆಲೆ ನಿಂತವರು. 1989ರಲ್ಲಿ ಇವರೂ ಜೋನ್ ಡಾಸನ್ ಮೆಕಾನನ್ ಅನ್ನುವವರೂ ಸೇರಿ 'ಪ್ರಾಜೆಕ್ಟ್ ಹೋಮ್' ಶುರು ಮಾಡಿದರು. ಮೊದಲು ಮಾಡಿದ್ದು ಇಷ್ಟೇ: ಮರಿಯನ್ ಆಂಡರ್ಸನ್ ಹೆಸರಿನ ಒಂದು ಆಟದ ಕೇಂದ್ರದಲ್ಲಿ, ಚಳಿಗಾಲ ಕಳೆಯುವವರೆಗೆ, ಬೀದಿಯಲ್ಲಿ ಮಲಗುತ್ತಿದ್ದ 50 ಗಂಡಸರಿಗೆ ಜಾಗ ಕೊಟ್ಟಿದ್ದು. ಈಗ ಅವರು ಕಟ್ಟಿದ, ರಿಪೇರಿ ಮಾಡಿದ ಮನೆಗಳು ಸಾವಿರ ದಾಟಿವೆ. ಜೊತೆಗೆ ಕ್ಲಿನಿಕ್ ಇದೆ, ಮಕ್ಕಳಿಗೂ ದೊಡ್ಡವರಿಗೂ ಕಲಿಯುವ ಕೇಂದ್ರ ಇದೆ, ಕೆಲಸ ಕಲಿಸುವ ವ್ಯವಸ್ಥೆ ಇದೆ. ನಮ್ಮ ಕಡೆಯ ಆಶ್ರಯ ಮನೆ ಇದ್ದ ಹಾಗೆ ಅಂದುಕೊಳ್ಳಬೇಡ. ಇಲ್ಲಿ ಮನೆ ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಮಾತ್ರೆ ತಗೊಂಡೆಯಾ, ಕುಡಿತ ಬಿಟ್ಟು ಎಷ್ಟು ದಿನ ಆಯಿತು ಅಂತ ಕೇಳುವ ಜನ ಅದೇ ಕಟ್ಟಡದಲ್ಲಿ ಇರುತ್ತಾರೆ.

ನಾನು ಶನಿವಾರ ಹೋಗುವುದು ಅವರದೇ 'ಹಬ್ ಆಫ್ ಹೋಪ್'ಗೆ. ಊರಿನ ಮಧ್ಯದಲ್ಲಿ, ಸಬರ್ಬನ್ ಸ್ಟೇಷನ್ ಅನ್ನುವ ರೈಲು ನಿಲ್ದಾಣದ ನೆಲದಡಿಯಲ್ಲಿದೆ. ಮನೆ ಇಲ್ಲದವರು ಬಂದು ಬಿಸಿನೀರಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು, ಕಾಫಿ ಕುಡಿಯಬಹುದು, ಡಾಕ್ಟರಿಗೆ ತೋರಿಸಬಹುದು. ನನ್ನ ಕೆಲಸ ಟವೆಲ್ ಮಡಚುವುದು. ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜ ವಾರ ವಾರ ಬರುತ್ತಿದ್ದರು. ಸ್ನಾನ ಆದ ಮೇಲೆ ಕನ್ನಡಿ ಮುಂದೆ ನಿಂತು ನಿಧಾನಕ್ಕೆ ತಲೆ ಬಾಚುತ್ತಿದ್ದರು. ಮಾತೇ ಇಲ್ಲ. ಮೇ ತಿಂಗಳಲ್ಲಿ ಒಂದು ದಿನ ಬಂದವರು ಸ್ನಾನಕ್ಕೆ ಹೋಗಲಿಲ್ಲ. ಕೊರಳಿಂದ ಶೂ ಲೇಸ್ ಎಳೆದು ತೋರಿಸಿದರು. ಅದರಲ್ಲಿ ಬೀಗದ ಕೈ. "ನನ್ನ ಬಚ್ಚಲಲ್ಲೇ ಸ್ನಾನ ಮಾಡಿ ಬಂದೆ" ಅಂದರು. ನನಗೆ ಕಣ್ಣು ತುಂಬಿ ಬಂತು ಅಮ್ಮ.

ಇಷ್ಟೆಲ್ಲ ಸಲೀಸಾಗಿ ಆಗಲಿಲ್ಲ. 1990ರ ದಶಕದ ಆರಂಭದಲ್ಲಿ ಫೇರ್‌ಮೌಂಟ್ ಅವೆನ್ಯೂನಲ್ಲಿ 1515ನೇ ನಂಬರಿನ ಕಟ್ಟಡವನ್ನು ಇಂಥವರ ಮನೆಗಳಾಗಿ ಮಾಡಲು ಹೊರಟಾಗ ಅಕ್ಕಪಕ್ಕದವರು ಬೇಡ ಅಂದರು. ಬೀದಿಯಲ್ಲಿದ್ದವರು, ಅದರಲ್ಲೂ ಮಾನಸಿಕ ಕಾಯಿಲೆ ಇದ್ದವರು, ನಮ್ಮ ಬೀದಿಗೆ ಬರುವುದು ಬೇಡ ಅಂತ. ವಿಷಯ ಕೋರ್ಟಿಗೆ ಹೋಯಿತು. ಅಲ್ಲಿ ಊರಿನ ಆಡಳಿತ ಹಿಡಿದ ಪಟ್ಟು ಏನು ಗೊತ್ತಾ? ಕಟ್ಟಡಕ್ಕೆ ಹಿತ್ತಲಿಲ್ಲ ಅಂತ! ನಿಯಮದ ಪ್ರಕಾರ ಹಿಂದೆ ಖಾಲಿ ಜಾಗ ಇರಬೇಕಂತೆ. ಈ ಕಟ್ಟಡಕ್ಕೆ ಜಾಗ ಇತ್ತು, ಆದರೆ ಪಕ್ಕದಲ್ಲಿತ್ತು. ಹಿಂದಿನದರ ಬದಲು ಪಕ್ಕದ್ದನ್ನು ಲೆಕ್ಕಕ್ಕೆ ತಗೊಳ್ಳಿ ಅಂದರೆ ಒಪ್ಪಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರವೇ ಊರಿನ ಮೇಲೆ ಕೇಸು ಹಾಕಿತು. ಕಾಯಿಲೆ ಇದ್ದವರಿಗೂ ಎಲ್ಲರ ಹಾಗೆ ಮನೆ ಸಿಗಬೇಕು, ಅದಕ್ಕಾಗಿ ಇಷ್ಟು ಸಣ್ಣ ನಿಯಮ ಸಡಿಲಿಸಲೇಬೇಕು ಅಂತ 1993ರಲ್ಲಿ ತೀರ್ಪು ಬಂತು. ಮರುವರ್ಷ ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಹಿತ್ತಲಿನ ನೆಪದಲ್ಲಿ ಜನರನ್ನು ಬೀದಿಯಲ್ಲೇ ಇರಿಸಲು ನೋಡಿದರಲ್ಲ ಅಂತ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ ನಿನಗೆ ಇಷ್ಟ ಆಗುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಈ ಊರಿಗೆ ಬಂದಿದ್ದರು. ಆಗ ದೊಡ್ಡ ಚರ್ಚಿನ ಪಕ್ಕ ಮಂಟಪದ ಹಾಗೆ ಒಂದನ್ನು ಕಟ್ಟಿದ್ದರು. ಸಿಸ್ಟರ್ ಮೇರಿಯವರ ಪ್ರಯತ್ನವೂ ಅದರ ಹಿಂದೆ ಇತ್ತು. ಜನ ತಮ್ಮ ತಮ್ಮ ಕಷ್ಟವನ್ನು ಬಟ್ಟೆಯ ಪಟ್ಟಿಯ ಮೇಲೆ ಬರೆದು ಅಲ್ಲಿ ಗಂಟು ಹಾಕುತ್ತಿದ್ದರು. ನಮ್ಮೂರ ಅಶ್ವತ್ಥಕಟ್ಟೆಯಲ್ಲಿ ಹರಕೆ ಕಟ್ಟುತ್ತಾರಲ್ಲ, ಥೇಟ್ ಹಾಗೆ. ನೀನು ನನಗಾಗಿ ಕಟ್ಟಿದ್ದು ನೆನಪಾಯಿತು.

ಈ ವರ್ಷ ಸಿಸ್ಟರ್ ಮೇರಿ, ಜೋನ್ ಇಬ್ಬರೂ ಜವಾಬ್ದಾರಿ ಬಿಟ್ಟುಕೊಡುತ್ತಿದ್ದಾರೆ. 35 ವರ್ಷ ಅಂದರೆ ಸುಮ್ಮನೆ ಅಲ್ಲ. ಹೊಸಬರು ಡೋನಾ ಬುಲಕ್. ಶಾಸಕಿಯಾಗಿದ್ದವರು ಜುಲೈನಲ್ಲಿ ಆ ಸ್ಥಾನ ಬಿಟ್ಟು ಈ ಕೆಲಸಕ್ಕೆ ಬಂದಿದ್ದಾರೆ. ನನಗೆ ಅದು ಬಹಳ ಹಿಡಿಸಿತು.

ನಾವು ಟವೆಲ್ ಮಡಚುವವರೆಲ್ಲ ಸೇರಿ ಒಂದು ಕಾರ್ಡ್ ತಂದೆವು. ಒಬ್ಬೊಬ್ಬರೂ ಒಂದು ಸಾಲು ಬರೆಯಬೇಕು. ನನಗೆ ಏನೂ ತೋಚಲಿಲ್ಲ. ಥ್ಯಾಂಕ್ಸ್ ಅಂತಷ್ಟೇ ಬರೆದು ಬಂದೆ. ಮನೆಗೆ ಬಂದ ಮೇಲೂ ಸಮಾಧಾನ ಆಗಲಿಲ್ಲ.

ಕೇಳಬೇಕು ಅಂದೆನಲ್ಲ, ಅದು ಈಗ. ಹಿಂದಿನ ಬೀದಿಯ ಟೀಚರಕ್ಕನ ತಂಗಿ ನಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡು ವಾಸಿಯಾಗಿ ಬಂದಿದ್ದಾಳೆ, ಆದರೆ ಯಾರೂ ಬಾಡಿಗೆಗೆ ಮನೆ ಕೊಡುತ್ತಿಲ್ಲ ಅಂತ ನೀನೇ ಹೇಳಿದ್ದೆ. ನಮ್ಮ ಹಿತ್ತಲಲ್ಲಿರುವ ಕೋಣೆ ಎರಡು ವರ್ಷದಿಂದ ಖಾಲಿ ಇದೆ. ಅದನ್ನು ಅವಳಿಗೆ ಕೊಡಬಹುದಾ? ಅಪ್ಪನಿಗೆ ಹಿಂಜರಿಕೆ ಇದೆ ಅಂತ ಗೊತ್ತು. ನೆರೆಯವರು ಏನಾದರೂ ಅನ್ನುತ್ತಾರೆ, ಅದೂ ಗೊತ್ತು. ಹೊಲಿಗೆ ಕೆಲಸ ಬರುತ್ತದೆ ಅವಳಿಗೆ, ಕೈಲಾದಷ್ಟು ಬಾಡಿಗೆ ಕೊಡಲಿ. ಬೇಡ ಅನ್ನಬೇಡಿ, ಪುಕ್ಕಟೆ ಅಂದರೆ ಅವಳಿಗೂ ಬೇಜಾರಾಗುತ್ತದೆ. ಮಾತ್ರೆ ಬಿಡದ ಹಾಗೆ ಟೀಚರಕ್ಕ ದಿನಾ ಬಂದು ನೋಡಿಕೊಳ್ಳುತ್ತಾರೆ. ನೀನೂ ಸಂಜೆ ಒಮ್ಮೆ ಮಾತಾಡಿಸಿದರೆ ಸಾಕು.

ಆ ಬಚ್ಚಲಿನ ಹಂಡೆ ತೂತಾಗಿದೆ ಅಲ್ವಾ? ಹೊಸದಕ್ಕೆ, ಬಾಗಿಲಿನ ಚಿಲಕಕ್ಕೆ ಈ ವಾರವೇ ದುಡ್ಡು ಕಳಿಸುತ್ತೇನೆ. ಬೀಗವೂ ಹೊಸದೇ ತರಿಸು. ಅಪ್ಪ ಒಪ್ಪಿದರೆ ಬೀಗದ ಕೈ ಅವಳ ಕೈಗೇ ಕೊಡು, ಅಕ್ಕನ ಹತ್ತಿರ ಕೊಟ್ಟು ಕಳಿಸಬೇಡ.

ಅಪ್ಪ ಏನಂದರು ಅಂತ ಭಾನುವಾರ ಫೋನಿನಲ್ಲಿ ಹೇಳು. ಕಾಯುತ್ತಿರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಗಳು