ಗಣಿತದವರು ಬೇಡವೆಂದರೆ ಮಾದರಿ ಕಟ್ಟುವವರು ಯಾರು?

ಮಾನ್ಯ ಸಂಪಾದಕರೇ,

ಪುಣೆಯ ಪಾಷಾಣ ಬಡಾವಣೆಯ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಸಂದರ್ಶನದ ಗೊಂದಲದ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿ ಬಹಳ ಸಭ್ಯವಾಗಿದೆ. ಕಲಬುರಗಿ, ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದು ಬಂದವರನ್ನೂ ನಮ್ಮಂಥ ಸ್ಥಳೀಯರನ್ನೂ ಬೆಳಿಗ್ಗೆಯಿಂದ ಗೇಟಿನ ಹೊರಗೆ ನಿಲ್ಲಿಸಿದರು. ಕುರ್ಚಿಯಿಲ್ಲ, ನೀರಿಲ್ಲ. ಜೆರಾಕ್ಸ್ ಪ್ರತಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಂತೆ. ಸ್ವಯಂ ದೃಢೀಕರಣ ಸಾಕೆಂದು ಕೇಂದ್ರ ಸರ್ಕಾರ ಹೇಳಿ ದಶಕವಾದ ಸುದ್ದಿ ಆ ಗೇಟಿನ ತನಕ ಬಂದಿಲ್ಲ. ಊಟದ ಹೊತ್ತಿಗೆ ಹೊಸ ಅಪ್ಪಣೆ: ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರದ ಪಿಎಚ್‌ಡಿಗಳು ಮನೆಗೆ ಹೋಗಬಹುದು, ಜೀವವಿಜ್ಞಾನದವರಿಗೆ ಮಾತ್ರ ಅವಕಾಶ.

ಹುದ್ದೆ ಯಾವುದು? ಡೆಂಗಿ ಹರಡುವಿಕೆಯ ಗಣಿತ ಮಾದರಿ, ಅಂದರೆ ರೋಗ ಹೇಗೆ ಹರಡೀತೆಂದು ಸಮೀಕರಣಗಳಿಂದ ಅಂದಾಜಿಸುವ ಕೆಲಸ! ಒಳಗೆ ಹೋದವರಿಗೆ ಕೇಳಿದ್ದು ಪಿಸಿಆರ್ ಪ್ರೈಮರ್ ವಿನ್ಯಾಸ, ಅಂದರೆ ಡಿಎನ್‌ಎ ನಕಲು ಮಾಡುವ ಪ್ರಯೋಗಾಲಯದ ಕೆಲಸ. ಅಡುಗೆಯವರನ್ನು ಕರೆಸಿ ಸೌದೆ ಒಡೆಯಲು ಬರುತ್ತದೆಯೇ ಎಂದು ಕೇಳಿದ ಹಾಗಾಯಿತು.

ಕೇಳಬೇಕಾದ್ದು ಬೇರೆಯೇ ಇತ್ತು. ಡೆಂಗಿ ಸೋಂಕು ತಗುಲಿದ ಹೆಚ್ಚಿನವರಿಗೆ ಲಕ್ಷಣಗಳೇ ಕಾಣಿಸುವುದಿಲ್ಲ. ಆಸ್ಪತ್ರೆಗಳು ಕಳಿಸಿದ ಪ್ರಕರಣಗಳನ್ನಷ್ಟೇ ನಂಬಿದರೆ, ಸೋಂಕು ಹೆಚ್ಚಿದ್ದು ವರದಿ ಕಡಿಮೆಯೋ ಅಥವಾ ಸೋಂಕೇ ಕಡಿಮೆಯೋ ಬೇರ್ಪಡಿಸಲಾಗದು, ಎರಡಕ್ಕೂ ಗ್ರಾಫಿನಲ್ಲಿ ಹೆಚ್ಚುಕಡಿಮೆ ಒಂದೇ ಗೆರೆ ಬರುತ್ತದೆ. ಅದಕ್ಕೆ ಸೀರೋ ಸರ್ವೆಯ, ಅಂದರೆ ಎಷ್ಟು ಜನರಿಗೆ ಸೋಂಕು ತಗುಲಿತ್ತೆಂದು ರಕ್ತ ಪರೀಕ್ಷಿಸಿ ತಿಳಿಯುವ ಸಮೀಕ್ಷೆಯ ಅಂಕಿ ಬೇಕು. ವಾರದ ಅಂಕಿಗಳು ವಿಪರೀತ ಏರಿಳಿಯುತ್ತವೆ. ಅವಕ್ಕೆ ಕಡಿಮೆ ಏರಿಳಿತವನ್ನಷ್ಟೇ ಒಪ್ಪುವ ಪಾಯ್ಸಾನ್ ಎಂಬ ಸಂಖ್ಯಾಶಾಸ್ತ್ರದ ಸೂತ್ರ ಹಚ್ಚಿದರೆ ಮುನ್ನೋಟದ ಅನಿಶ್ಚಿತತೆ ಸುಳ್ಳೇ ಕಿರಿದಾಗಿ ಕಾಣುತ್ತದೆ, ಹೆಚ್ಚು ಏರಿಳಿತಕ್ಕೆ ಜಾಗ ಕೊಡುವ ನೆಗೆಟಿವ್ ಬೈನಾಮಿಯಲ್ ಸೂತ್ರ ಬೇಕಾಗುತ್ತದೆ. ಇತ್ತೀಚಿನ ವಾರಗಳ ವರದಿ ತಡವಾಗಿ ಸೇರುವುದರಿಂದ ರೋಗ ಇಳಿಯುತ್ತಿದೆ ಎಂಬ ಭ್ರಮೆ ಬೇರೆ. ಅಧಿಕಾರಿಗಳು ಪತ್ರಿಕಾಗೋಷ್ಠಿ ಕರೆಯುವುದು ಸರಿಯಾಗಿ ಆಗಲೇ.

ಅವಧಿ ಆರೇ ತಿಂಗಳು. ನೈತಿಕ ಸಮಿತಿಯ ಒಪ್ಪಿಗೆ, ಪಾಲಿಕೆಯೊಂದಿಗೆ ದತ್ತಾಂಶದ ಒಪ್ಪಂದ, ಒಂದೇ ರೋಗಿ ಎರಡು ಸಲ ನಮೂದಾದದ್ದನ್ನು ತೆಗೆಯುವುದು, ಇಷ್ಟರಲ್ಲೇ ಅದು ಮುಗಿಯುತ್ತದೆ. ಡಿಸೆಂಬರಿನಲ್ಲಿ ಸೇರಿದವರು ಮೇ ಕೊನೆಗೆ ಹೊರಗೆ. ಸೊಳ್ಳೆ ಬರುವುದು ಮಳೆಯ ಜೊತೆಗೆ, ಸ್ವಾಮಿ!

ಸಂಬಳ 'ಒಟ್ಟು 47,000'. ಅದು 2019ರ ದರ. 2023ರ ಜನವರಿಯಿಂದಲೇ ರಿಸರ್ಚ್ ಅಸೋಸಿಯೇಟ್‌ನ (ಇಂಥ ಪೋಸ್ಟ್‌ಡಾಕ್ ಸಂಶೋಧಕರ ದರ್ಜೆ) ಮೊದಲ ಹಂತಕ್ಕೆ ತಿಂಗಳಿಗೆ 58,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. 'ಒಟ್ಟು' ಅಂದುಬಿಟ್ಟರೆ ಭತ್ಯೆಯ ಮಾತೇ ಏಳುವುದಿಲ್ಲ. ಜಾಣತನ! ಹಳೆಯ ಫೆಲೋಗಳಿಗೆ ಏರಿಕೆಯ ಬಾಕಿ ಕೊಡಲು ಇದೇ ಲೆಕ್ಕಪತ್ರದ ಮೇಜು ಎಷ್ಟು ಸತಾಯಿಸಿತೆಂದು ಬರೆದರೆ ನಿಮ್ಮ ಪುಟ ಸಾಲದು.

ಅರ್ಹತೆ ತಿದ್ದಿ ಮತ್ತೆ ಸಂದರ್ಶನ ಕರೆಯಲಿ. ಇಲ್ಲವಾದರೆ ಬಂದವರಿಗೆ ಪ್ರಯಾಣದ ಖರ್ಚಾದರೂ ಕೊಡಲಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಸಂಬಂಧಪಟ್ಟವರು ಸ್ವಲ್ಪ ಎಚ್ಚರಾಗಬೇಕು. ಸಹಿ ಹಾಕುವ ಮುಂಚೆ ಆ ಜಾಹೀರಾತನ್ನು ಒಮ್ಮೆ ಓದುವಷ್ಟೂ ಪುರುಸೊತ್ತಿರಲಿಲ್ಲವೇ ಇವರಿಗೆ?

– ಒಬ್ಬ ಓದುಗ, ಔಂಧ್, ಪುಣೆ